ಪ್ಯಾಕೆಟ್ ಮೇಲೆ ‘ಆ್ಯಂಟಿಬ್ಯಾಕ್ಟೀರಿಯಲ್’ ಎಂದು ಅಚ್ಚು ಹಾಕಿಸುವ ಮುನ್ನ

ಮದ್ದೂರು ತಾಲ್ಲೂಕಿನ ನಮ್ಮ ಮಹಿಳಾ ಸಂಘದ ಘಟಕದಲ್ಲಿ ಎರಡು ಸಾಮಾನು ತಯಾರಾಗುತ್ತವೆ. ಒಂದು ಮುಟ್ಟಿನ ಪ್ಯಾಡು, ಇನ್ನೊಂದು ಹಾಸಿಗೆ ಹಿಡಿದವರ ಕೆಳಗೆ ಹಾಸುವ ಅಂಡರ್‌ಪ್ಯಾಡು. ಎರಡೂ ಒಮ್ಮೆ ಬಳಸಿ ಬಿಸಾಡುವಂಥವು. ಮಂಡ್ಯದ ಮೆಡಿಕಲ್ ಸ್ಟೋರ್‌ಗಳಿಗೆ ಸರಕು ಹಾಕಲು ಹೋದಾಗಲೆಲ್ಲ ಒಂದೇ ಪ್ರಶ್ನೆ ಬರತೊಡಗಿತು. “ನಿಮ್ಮದ್ರಲ್ಲಿ ಆ್ಯಂಟಿಬ್ಯಾಕ್ಟೀರಿಯಲ್ ಇದ್ಯಾ ಅಕ್ಕ? ಕಂಪನಿ ಪ್ಯಾಡಲ್ಲಿ ಹಸಿರು ಪಟ್ಟಿ ಇರುತ್ತೆ, ಜನ ಅದನ್ನೇ ಕೇಳ್ತಾರೆ.”

ಅದೇ ಹೊತ್ತಿಗೆ ನಮಗೆ ನಾನ್‌ವೋವನ್ (ನೇಯದೆ, ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ) ರೋಲು ಕೊಡುವ ವ್ಯಾಪಾರಿ, ಬೆಳ್ಳಿಯ ಕಣ ಹಾಕಿದ್ದೆಂದು ಒಂದು ಸ್ಯಾಂಪಲ್ ತಂದುಕೊಟ್ಟ. “ಇದನ್ನ ಮೇಲಿನ ಶೀಟಾಗಿ ಹಾಕಿ ಮೇಡಂ. 99.9 ಪರ್ಸೆಂಟ್ ಕ್ರಿಮಿ ಸಾಯುತ್ತೆ. ಪ್ಯಾಕೆಟ್ ಮೇಲೆ ಧೈರ್ಯವಾಗಿ ಬರ್ಕೊಳಿ” ಅಂದ. ನಾನು ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವಳು. ಮದುವೆಯಾಗಿ ಊರಿಗೆ ಬಂದ ಮೇಲೆ ಘಟಕದ ಲೆಕ್ಕಪತ್ರ ಮತ್ತು ಗುಣಮಟ್ಟ ನನ್ನ ಪಾಲಿಗೆ ಬಂದಿದೆ. ಯಾವ ಕ್ರಿಮಿ, ಯಾವ ದ್ರವದಲ್ಲಿ, ಎಷ್ಟು ಹೊತ್ತಿಗೆ ಸಾಯುತ್ತದೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಹೆಣ್ಣುಮಕ್ಕಳ ಮೈಗೆ ತಾಗುವ ವಸ್ತುವಿನ ಮೇಲೆ ಗೊತ್ತಿಲ್ಲದ ಮಾತನ್ನು ಅಚ್ಚು ಹಾಕಿಸುವುದು ನನಗೆ ಸಾಧ್ಯವಿರಲಿಲ್ಲ. ಹಾಗಾಗಿ ಪರೀಕ್ಷೆ ಮಾಡಿಯೇ ತೀರ್ಮಾನಿಸೋಣ ಎಂದು ಸಂಘದ ಸಭೆಯಲ್ಲಿ ಹೇಳಿದೆ. ಹಿರಿಯಕ್ಕಂದಿರು ಒಪ್ಪಿದರು. ನಮ್ಮಂಥ ಬೇರೆ ಘಟಕದವರಿಗೂ ಇದೇ ರೋಲು, ಇದೇ ಮಾತು ಬರುತ್ತಿರುತ್ತದೆ. ಅವರಿಗೆ ಉಪಯೋಗವಾದೀತೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಮೊದಲು ಪ್ಯಾಡಿನ ಒಳಗೇನಿದೆ ಎಂಬುದು. ಮೈಗೆ ತಾಗುವುದು ತೆಳು ನಾನ್‌ವೋವನ್ ಶೀಟು. ಅದರ ಕೆಳಗೆ ದ್ರವವನ್ನು ಉದ್ದಕ್ಕೆ ಹರಡುವ ಪದರ. ನಡುವೆ ಮರದ ತಿರುಳಿನ ಪಲ್ಪು ಮತ್ತು ಜೆಲ್ ಶೀಟು. ತಳದಲ್ಲಿ ಪ್ಲಾಸ್ಟಿಕ್ ಹಾಳೆ, ಗಮ್ಮು, ರಿಲೀಸ್ ಪೇಪರು. ಜೆಲ್ ಅಂದರೆ ಸೋಡಿಯಂ ಪಾಲಿಅಕ್ರಿಲೇಟ್, ಸಕ್ಕರೆ ಹರಳಿನಂಥ ಬಿಳಿ ಕಾಳು. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಕುಡಿಯುತ್ತದೆ. ಉಪ್ಪಿನಂಶವಿರುವ ರಕ್ತ, ಮೂತ್ರವಾದರೆ ಆ ಶಕ್ತಿ ಹತ್ತಾರು ಪಟ್ಟಿಗೆ ಇಳಿಯುತ್ತದೆ. ಇದನ್ನು ನಮ್ಮವರಿಗೆ ತೋರಿಸಲು ಎರಡು ಗಾಜಿನ ಲೋಟ ತೆಗೆದುಕೊಂಡೆ. ಒಂದರಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರು, ಇನ್ನೊಂದರಲ್ಲಿ ನಮ್ಮೂರ ಬೋರ್‌ವೆಲ್ ನೀರು. ಎರಡಕ್ಕೂ ಅದೇ ಚಮಚದಲ್ಲಿ ಜೆಲ್ ಕಾಳು ಹಾಕಿದೆ. ಡಿಸ್ಟಿಲ್ಡ್ ನೀರಿನ ಲೋಟ ನೋಡನೋಡುತ್ತಿದ್ದಂತೆ ಗಟ್ಟಿಯಾಯಿತು, ಬೋರಲು ಹಾಕಿದರೂ ಬೀಳಲಿಲ್ಲ. ಬೋರ್‌ವೆಲ್ ನೀರಿನದು ತಳದಲ್ಲಿ ಸಣ್ಣ ಸಣ್ಣ ಉಂಡೆಯಾಗಿ ಕೂತಿತು, ಮೇಲೆ ನೀರು ಹಾಗೇ ನಿಂತಿತು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಆ ಜೆಲ್ಲಿನ ಎಳೆಗಳನ್ನು ಒಂದಕ್ಕೊಂದು ಕಟ್ಟಿಹಾಕುತ್ತವೆ, ಎಳೆ ಬಿಚ್ಚಿಕೊಳ್ಳದೆ ಜೆಲ್ ಉಬ್ಬುವುದಿಲ್ಲ. ಸತು ಮತ್ತು ತಾಮ್ರದ ಅಯಾನುಗಳೂ ಇದೇ ಕೆಲಸ ಮಾಡುತ್ತವೆ. ಕ್ರಿಮಿ ಕೊಲ್ಲಲೆಂದು ಸತುವಿನ ಲವಣವನ್ನು ನೇರವಾಗಿ ಜೆಲ್ಲಿಗೆ ಬೆರೆಸಿದರೆ ಹೀರುವ ಶಕ್ತಿಯೇ ಹೋಗುತ್ತದೆ ಎಂಬುದು ಆ ಲೋಟ ನೋಡಿದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಇನ್ನು ವಾಸನೆಯ ವಿಚಾರ. ಗಿರಾಕಿಗಳು ಕ್ರಿಮಿ ಅಂದಾಗ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ವಾಸನೆಯೇ. ಮೂತ್ರ ಹೊರಬಂದ ಕೂಡಲೇ ಅಷ್ಟು ನಾರುವುದಿಲ್ಲ. ಅದರಲ್ಲಿರುವ ಯೂರಿಯಾವನ್ನು ಪ್ರೋಟಿಯಸ್ ಥರದ ಬ್ಯಾಕ್ಟೀರಿಯಾಗಳು ಯೂರಿಯೇಸ್ ಎಂಬ ಕಿಣ್ವದಿಂದ ಒಡೆದಾಗ ಅಮೋನಿಯ ಹುಟ್ಟುತ್ತದೆ, ಮೂಗಿಗೆ ಚುರ್ ಎನ್ನುವುದು ಅದು. ಅಮೋನಿಯದಿಂದ ದ್ರವ ಕ್ಷಾರವಾಗುತ್ತದೆ. ಮಲವೂ ಸೇರಿದ್ದರೆ ಅದರಲ್ಲಿರುವ ಪ್ರೋಟೀನು, ಕೊಬ್ಬು ಕರಗಿಸುವ ಕಿಣ್ವಗಳು ಆ ಕ್ಷಾರದಲ್ಲಿ ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಹಾಸಿಗೆ ಹಿಡಿದವರ ತೊಡೆಸಂದಿ ಕೆಂಪಾಗಿ ಸುಲಿಯುವುದರ ಹಿಂದೆ ಇದು ದೊಡ್ಡ ಕಾರಣ. ಮುಟ್ಟಿನ ರಕ್ತದ ಕಥೆ ಸ್ವಲ್ಪ ಬೇರೆ. ರಕ್ತದಲ್ಲಿ ಪ್ರೋಟೀನು, ಕಬ್ಬಿಣ ಎರಡೂ ಇವೆ, ಮೈಯ ಶಾಖವೂ ಇದೆ. ಬ್ಯಾಕ್ಟೀರಿಯಾಗೆ ಅದಕ್ಕಿಂತ ಒಳ್ಳೆಯ ಊಟವಿಲ್ಲ. ಅನುಕೂಲ ಸಿಕ್ಕರೆ ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಜೀವಿಗಳಿವು. ಬೆಳಿಗ್ಗೆ ಶಾಲೆಗೆ ಹೋಗುವಾಗ ಹಾಕಿಕೊಂಡ ಪ್ಯಾಡನ್ನು ಶೌಚಾಲಯದಲ್ಲಿ ನೀರಿಲ್ಲವೆಂದು ಸಂಜೆಯವರೆಗೂ ಇಟ್ಟುಕೊಳ್ಳುವ ಹುಡುಗಿಯ ಪಾಡು ನೆನೆದರೆ, ಈ ಲೆಕ್ಕ ಬರೀ ಪುಸ್ತಕದ್ದಲ್ಲ ಎಂದು ಗೊತ್ತಾಗುತ್ತದೆ.

ಯಾವ ಔಷಧಿ ಹಾಕುವುದು ಎಂಬ ಚರ್ಚೆ ಶುರುವಾದಾಗ ಮೊದಲು ಬಂದದ್ದು ಬೇವು. “ಬೇವಿನ್ ಸೊಪ್ಪು ನಮ್ ಹಿತ್ಲಲ್ಲೇ ಬಿದ್ದದೆ ಕಣವ್ವ, ದುಡ್ ಕೊಟ್ಟು ಬೆಳ್ಳಿ ಯಾಕ್ ತರ್ಬೇಕು?” ಅಂತ ಪಲ್ಪ್ ಮಿಷನ್ ನೋಡಿಕೊಳ್ಳುವ ಅಕ್ಕ ಕೇಳಿದರು. ಆ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿರಲಿಲ್ಲ. ಬೇವಿನಲ್ಲಿ ಕ್ರಿಮಿ ತಡೆಯುವ ಅಂಶಗಳಿರುವುದು ನಿಜ. ನೆರಳಲ್ಲಿ ಒಣಗಿಸಿ ಪುಡಿ ಮಾಡಿ, ಅದನ್ನು ಪಲ್ಪಿನ ನಡುವೆ ಹಾಕಿ ಕೆಲವು ಪ್ಯಾಡ್ ಮಾಡಿದೆವು. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಎಣಿಸಿದಾಗ ಬೇವಿನ ಪುಡಿಯಿದ್ದ ಪ್ಯಾಡಿನಲ್ಲೇ ಸಂಖ್ಯೆ ಹೆಚ್ಚಿತ್ತು. ಎಲೆ ಬಯಲಿನ ಧೂಳಿನಲ್ಲಿ ಬೆಳೆದದ್ದು, ಅದರ ಮೇಲೆ ಬೂಷ್ಟಿನ ಬೀಜಕಣಗಳೂ ಇರುತ್ತವೆ, ಒಣಗಿಸಿದರೆ ಅವು ಸಾಯುವುದಿಲ್ಲ. ಸಾರ ತೆಗೆದು, ಶುದ್ಧ ಮಾಡಿ, ಬಟ್ಟೆಗೆ ಹಿಡಿಸುವ ವಿಧಾನಗಳುಂಟು, ಅವು ನಮ್ಮ ಘಟಕದ ಕೈಗೆಟುಕುವಂಥವಲ್ಲ. ‘ಗಿಡಮೂಲಿಕೆ’ ಎಂದು ಪುಡಿ ತುಂಬಿದ ಪ್ಯಾಡು ಕಂಡರೆ ಈಗ ನನಗೆ ಭಯವೇ ಆಗುತ್ತದೆ.

ಉಳಿದವು ಬೆಳ್ಳಿ, ಸತುವಿನ ಆಕ್ಸೈಡ್, ಸಿಗಡಿ ಸಿಪ್ಪೆಯಿಂದ ತೆಗೆಯುವ ಕೈಟೊಸಾನ್, ಕ್ವಾಟರ್ನರಿ ಅಮೋನಿಯಂ ಜಾತಿಯ ರಾಸಾಯನಿಕ. ಟ್ರೈಕ್ಲೊಸಾನ್ ಎಂಬ ಇನ್ನೊಂದಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ಅದನ್ನು ಮನೆಬಳಕೆಯ ಕೈತೊಳೆಯುವ ಸೋಪುಗಳಿಂದ ಹೊರಗಿಟ್ಟಿತು. ಸೋಪಿಗೇ ಬೇಡವಾದದ್ದು ಪ್ಯಾಡಿಗೆ ಯಾಕೆ ಎಂದು ಅದನ್ನು ನಾವು ಮುಟ್ಟಲೇ ಇಲ್ಲ.

ಪರೀಕ್ಷೆ ನಡೆದದ್ದು ಮೈಸೂರಿನಲ್ಲಿ, ನನಗೆ ಪಾಠ ಹೇಳಿದ ಮೇಡಂ ಅವರ ಕಾಲೇಜಿನ ಲ್ಯಾಬಿನಲ್ಲಿ. ಮದ್ದೂರಿನಿಂದ ರೈಲಿನಲ್ಲಿ ಸ್ಯಾಂಪಲ್ ಡಬ್ಬಿ ಹಿಡಿದು ಹೋಗುತ್ತಿದ್ದೆ. ಕ್ರಿಮಿ ಬೆಳೆಸಿದ ತಟ್ಟೆಗಳನ್ನು ಮೇಡಂ ಲ್ಯಾಬಿನಿಂದ ಹೊರಗೆ ಬಿಡುತ್ತಿರಲಿಲ್ಲ, ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಮೊದಲನೆಯದು ಗೀರು ಪರೀಕ್ಷೆ, ಜವಳಿ ಲ್ಯಾಬುಗಳಲ್ಲಿ ಎಎಟಿಸಿಸಿ 147 ಅನ್ನುತ್ತಾರೆ. ಅಗಾರ್ ತಟ್ಟೆಯ, ಅಂದರೆ ಬ್ಯಾಕ್ಟೀರಿಯಾ ಬೆಳೆಸಲು ಆಹಾರ ಬೆರೆಸಿ ಹೆಪ್ಪುಗಟ್ಟಿಸಿದ ತಟ್ಟೆಯ ಮೇಲೆ ಸ್ಟೆಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾದ ಐದು ಸಮಾನಾಂತರ ಗೀರು ಎಳೆದು, ಅವುಗಳ ಮೇಲೆ ಅಡ್ಡಲಾಗಿ ಬಟ್ಟೆಯ ತುಂಡು ಒತ್ತಿ, 37 ಡಿಗ್ರಿಯಲ್ಲಿ ಒಂದು ರಾತ್ರಿ ಇಡುವುದು. ಮರುದಿನ ಸಾದಾ ಬಟ್ಟೆಯ ತಟ್ಟೆಯಲ್ಲಿ ಐದೂ ಗೀರು ಬಟ್ಟೆಯ ಅಡಿಯಲ್ಲೂ ಹೊನ್ನಿನ ಬಣ್ಣದಲ್ಲಿ ಸಲೀಸಾಗಿ ಬೆಳೆದಿದ್ದವು. ಬೆಳ್ಳಿ ಬಟ್ಟೆಯ ತಟ್ಟೆಯಲ್ಲಿ ಅಡಿಯಲ್ಲಿ ಏನೂ ಇಲ್ಲ, ಬಟ್ಟೆಯ ಎರಡೂ ಬದಿಗೆ ಗೀರುಗಳು ಕತ್ತರಿಸಿದಂತೆ ದೂರದಲ್ಲೇ ನಿಂತಿದ್ದವು. ವ್ಯಾಪಾರಿಗಳು ಫೋಟೊ ಹಿಡಿದು ತೋರಿಸುವುದು ಈ ಖಾಲಿ ಜಾಗವನ್ನೇ. ಮೇಡಂ ಮಾತ್ರ ಆ ಜಾಗದ ಮೇಲೆ ಪೆನ್ನಿನ ತುದಿ ಇಟ್ಟು, “ಔಷಧಿ ಬಟ್ಟೆ ಬಿಟ್ಟು ಇಲ್ಲೀವರೆಗೂ ಹರಿದು ಬಂದಿದೆ ನೋಡು. ಇದನ್ನ ಮೇಲಿನ ಶೀಟಿಗೆ ಹಾಕಿದ್ರೆ ಎಲ್ಲಿಗೆ ಹರಿಯುತ್ತೆ?” ಅಂದರು.

ಈ ಪ್ರಶ್ನೆಗೆ ನಂತರ ಮಂಡ್ಯದ ಸ್ತ್ರೀರೋಗ ತಜ್ಞೆಯೊಬ್ಬರು ಉತ್ತರ ಕೊಟ್ಟರು. ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾಗಳಿವೆ. ಅವು ಲ್ಯಾಕ್ಟಿಕ್ ಆಮ್ಲ ಮಾಡಿ ಅಲ್ಲಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಅನ್ನು ಸುಮಾರು 3.8ರಿಂದ 4.5ರೊಳಗೆ ಇಟ್ಟಿರುತ್ತವೆ, ಆ ಹುಳಿಯಲ್ಲಿ ಸೋಂಕು ತರುವ ಬಹಳಷ್ಟು ಜೀವಿಗಳು ನೆಲೆ ಊರುವುದಿಲ್ಲ. ಕ್ರಿಮಿನಾಶಕಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದ ಗೊತ್ತಿಲ್ಲ. “ಹೊರಗೆ ಬಂದಿದ್ದಕ್ಕೆ ಏನಾದ್ರೂ ಮಾಡ್ಕೊಳಿ ಅಮ್ಮ, ಮೈಗೆ ತಾಗೋ ಕಡೆ ಔಷಧಿ ಇಡ್ಬೇಡಿ” ಎಂದರು ಡಾಕ್ಟರು. ಮಾತಿನ ನಡುವೆ ಅವರು ನೆನಪಿಸಿದ್ದು 1980ರ ಅಮೆರಿಕದ ಪ್ರಸಂಗ. ಒಳಗೆ ಇಟ್ಟುಕೊಳ್ಳುವ, ಅತಿಯಾಗಿ ಹೀರುವ ಟ್ಯಾಂಪೂನುಗಳನ್ನು ಬಹಳ ಹೊತ್ತು ಬಳಸಿದವರಲ್ಲಿ ಇದೇ ಸ್ಟೆಫೈಲೊಕಾಕಸ್‌ನ ವಿಷದಿಂದ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ, ರಕ್ತದೊತ್ತಡ ಕುಸಿಯುವ ಮಾರಕ ಕಾಯಿಲೆ ಕಾಣಿಸಿಕೊಂಡು ಸಾವುಗಳಾದವು. ನಮ್ಮದು ಹೊರಗೆ ಇಡುವ ಪ್ಯಾಡು, ಆ ಅಪಾಯ ಇದಕ್ಕೆ ಹಾಗೇ ಅನ್ವಯಿಸುವುದಿಲ್ಲ. ಆದರೂ ಹೀರುವ ವಸ್ತು ಬದಲಾದರೆ ಅದರಲ್ಲಿ ಬೆಳೆಯುವ ಜೀವಿಯ ನಡವಳಿಕೆಯೂ ಬದಲಾಗಬಹುದು ಎಂಬುದನ್ನು ಈ ಕೆಲಸ ಮಾಡುವವರು ಮರೆಯಬಾರದು.

ಎರಡನೆಯದು ಎಣಿಕೆಯ ಪರೀಕ್ಷೆ. ಗೊತ್ತಿರುವಷ್ಟು ಬ್ಯಾಕ್ಟೀರಿಯಾವನ್ನು ಬಟ್ಟೆಗೆ ಹಿಡಿಸಿ, 24 ಗಂಟೆ ಬಿಟ್ಟು, ಉಳಿದದ್ದನ್ನು ಎಣಿಸುವುದು. ಎಎಟಿಸಿಸಿ 100, ಐಎಸ್‌ಒ 20743 ಎಂಬ ಮಾನದಂಡಗಳೆಂದರೆ ಇದೇ ದಾರಿ. ಶೇಕಡಾ ಲೆಕ್ಕ ಎಷ್ಟು ದಾರಿ ತಪ್ಪಿಸುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಹತ್ತು ಲಕ್ಷದಲ್ಲಿ 99 ಪರ್ಸೆಂಟ್ ಸತ್ತರೆ ಉಳಿಯುವುದು ಹತ್ತು ಸಾವಿರ. 99.9 ಆದರೆ ಒಂದು ಸಾವಿರ. ಕೇಳಲು ಅಷ್ಟೇನೂ ವ್ಯತ್ಯಾಸವಿಲ್ಲ, ಜೀವಿಗಳ ಲೆಕ್ಕದಲ್ಲಿ ಹತ್ತು ಪಟ್ಟು. ಬೆಳ್ಳಿಯ ಬಟ್ಟೆ ಮಾಮೂಲಿ ದ್ರವದಲ್ಲಿ ವ್ಯಾಪಾರಿ ಹೇಳಿದ್ದಕ್ಕೆ ಹತ್ತಿರವೇ ಬಂತು, ಅಷ್ಟರ ಮಟ್ಟಿಗೆ ಅವನ ಮಾತು ಸುಳ್ಳಾಗಿರಲಿಲ್ಲ. ಆಮೇಲೆ ಮೇಡಂ, ಬ್ಲಡ್ ಅಗಾರ್ ಮಾಡಲು ತರಿಸುವ ಕುರಿ ರಕ್ತವನ್ನು ಸ್ವಲ್ಪ ಸೇರಿಸಿ ಅದೇ ಪರೀಕ್ಷೆ ಮತ್ತೆ ಮಾಡಿಸಿದರು. ಬೆಳ್ಳಿಯ ಶಕ್ತಿ ಎದ್ದು ಕಾಣುವಷ್ಟು ಕುಸಿಯಿತು. ಬೆಳ್ಳಿಯ ಅಯಾನು ಉಪ್ಪಿನ ಕ್ಲೋರೈಡ್ ಜೊತೆ ಸೇರಿ ಗಸಿಯಾಗಿ ಕೂರುತ್ತದೆ, ರಕ್ತದ ಪ್ರೋಟೀನುಗಳಲ್ಲಿರುವ ಗಂಧಕದ ಭಾಗಕ್ಕೂ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ತನಕ ಹೋಗಲು ಉಳಿಯುವುದು ಕಡಿಮೆ. ಪ್ಯಾಡ್ ಇರುವುದೇ ರಕ್ತಕ್ಕೆ, ಪರೀಕ್ಷಾ ವರದಿ ಇರುವುದು ರಕ್ತವಿಲ್ಲದ ದ್ರವಕ್ಕೆ. ನಮಗೆ ತೋರಿಸಿದ ಎಲ್ಲ ವರದಿಗಳಲ್ಲೂ ಇದೇ ಕಥೆ. ಯಾರಾದರೂ ವರದಿ ತಂದರೆ ಕೊನೆಯ ಪುಟದ ಪರ್ಸೆಂಟ್ ಬಿಟ್ಟು ಮೊದಲು ಪರೀಕ್ಷಾ ದ್ರವ ಯಾವುದೆಂದು ನೋಡಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಹೀರುವ ಪರೀಕ್ಷೆ ಮಾತ್ರ ನಮ್ಮ ಘಟಕದಲ್ಲೇ ಆಯಿತು. ಭಾರತೀಯ ಮಾನಕ ಬ್ಯೂರೋದ ಐಎಸ್ 5405 ಎಂಬ ಮಾನದಂಡ 1969ರಲ್ಲಿ ಬಂದು, 1980ರಲ್ಲಿ ಪರಿಷ್ಕಾರವಾಗಿ, 2019ರಲ್ಲಿ ಮತ್ತೆ ಪರಿಷ್ಕಾರವಾಗಿದೆ. ಅದರಲ್ಲಿರುವಂತೆ 30 ಮಿ.ಲೀ. ದ್ರವವನ್ನು ನಿಮಿಷಕ್ಕೆ 15 ಮಿ.ಲೀ. ಬೀಳುವಂತೆ ಪ್ಯಾಡಿನ ನಡುವಿಗೆ ಬಿಟ್ಟು, ಆಮೇಲೆ ಒಂದು ಕೆ.ಜಿ. ತೂಕ ಒಂದು ನಿಮಿಷ ಇಡಬೇಕು, ತಳದಲ್ಲಾಗಲಿ ಪಕ್ಕದಲ್ಲಾಗಲಿ ಸೋರಬಾರದು. ಕಾಲೇಜಿನಿಂದ ಕೇಳಿ ತಂದ ಬ್ಯೂರೆಟ್ಟು (ದ್ರವವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ), ಅಂಗಡಿಯ ತೂಕದ ಕಲ್ಲು, ಬಣ್ಣದ ನೀರು ಇಟ್ಟುಕೊಂಡು ಕೂತೆವು. ಕ್ವಾಟರ್ನರಿ ರಾಸಾಯನಿಕ ಹಚ್ಚಿದ ಶೀಟಿನ ಸರದಿ ಬಂದಾಗ ಎಲ್ಲರೂ ಮಿಷನ್ ನಿಲ್ಲಿಸಿ ನೋಡಿದರು. ಕೆಂಪು ಹನಿ ಕೆಸುವಿನ ಎಲೆಯ ಮೇಲೆ ಬಿದ್ದಂತೆ ಗುಂಡಗೆ ನಿಂತು, ಮುಂದಿನ ಹನಿ ಬಿದ್ದಾಗ ಅದರ ಜೊತೆ ಸೇರಿ, ಹಾಗೇ ಪಕ್ಕಕ್ಕೆ ಜಾರಿ ಅಂಚಿನಿಂದ ಟೇಬಲ್ಲಿಗೆ ಇಳಿಯಿತು. ಅಡಿಯಲ್ಲಿ ಪಲ್ಪು ಒಣಗಿಕೊಂಡೇ ಇತ್ತು. ಆ ರಾಸಾಯನಿಕದ ಒಂದು ತುದಿ ಬಟ್ಟೆಗೆ ಅಂಟಿರುತ್ತದೆ, ಇನ್ನೊಂದು ಕಡೆ ಹದಿನೆಂಟು ಇಂಗಾಲದ ಉದ್ದನೆಯ ಬಾಲ, ಎಣ್ಣೆಯ ಗುಣದ್ದು. ಬ್ಯಾಕ್ಟೀರಿಯಾದ ಪೊರೆಯನ್ನು ಹರಿಯುವ ಅದೇ ಬಾಲ ನೀರನ್ನೂ ಹತ್ತಿರ ಸೇರಿಸುವುದಿಲ್ಲ. ಲ್ಯಾಬಿನ ಗೀರು ಪರೀಕ್ಷೆಯಲ್ಲಿ ಚೆನ್ನಾಗಿ ಬಂದ ಶೀಟು ಅದು. ಪ್ಯಾಡಾಗಿ ಬಟ್ಟೆಗೆ ಕಲೆ ಮಾಡುವಂಥದ್ದು.

ಈ ನಡುವೆ ಮೇಡಂ ನಮ್ಮ ಸಾದಾ ಪ್ಯಾಡನ್ನೂ ಎಣಿಕೆಗೆ ಹಾಕಿದ್ದರು. ಮಳೆಗಾಲದ ಸರಕಿನಲ್ಲಿ ಸಂಖ್ಯೆ ಬೇಸಿಗೆಯದ್ದಕ್ಕಿಂತ ಜಾಸ್ತಿ. ಕೈ, ಟೇಬಲ್ಲು, ಪಲ್ಪಿನ ಚೀಲ, ಎಲ್ಲದರಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತಟ್ಟೆಗೆ ಹಚ್ಚಿ ಹುಡುಕಿದೆವು. ನೆಲಕ್ಕೆ ತಾಗಿಕೊಂಡಿದ್ದ ಪಲ್ಪಿನ ಚೀಲ ತೇವ ಎಳೆದಿತ್ತು. ಯುವಿ ಪೆಟ್ಟಿಗೆಯಲ್ಲಿಟ್ಟು ತೆಗೆದರೆ ಎಲ್ಲ ಸತ್ತುಹೋಗುತ್ತದೆ ಎಂಬ ನಂಬಿಕೆ ಇಂಥ ಘಟಕಗಳಲ್ಲಿ ಬಲವಾಗಿದೆ. ಆ ಬೆಳಕು ಬಿದ್ದ ಮೇಲ್ಮೈಯನ್ನಷ್ಟೇ ಶುದ್ಧ ಮಾಡುತ್ತದೆ. ಪ್ಯಾಡಿನ ಒಳಗೆ, ಮಡಿಕೆಯ ನೆರಳಿಗೆ ಇಳಿಯುವುದಿಲ್ಲ. ಒಳಗಿನವರೆಗೂ ಹೋಗುವುದು ಗಾಮಾ ವಿಕಿರಣ, ಎಥಿಲೀನ್ ಆಕ್ಸೈಡ್ ಅನಿಲ ಇಂಥವು, ಅವಕ್ಕೆ ಬೇರೆಯೇ ವ್ಯವಸ್ಥೆ ಬೇಕು. ಹಾಗಾಗಿ ಒಳಗೆ ಕ್ರಿಮಿ ಸೇರದಂತೆ ಮಾಡುವುದೇ ನಮ್ಮ ಕೈಲಾಗುವ ಕೆಲಸ ಎಂದಾಯಿತು. ಪಲ್ಪನ್ನು ಮರದ ಅಟ್ಟಣೆಯ ಮೇಲೆ ಏರಿಸಿದೆವು, ತಲೆಗೆ ಟೋಪಿ, ಬಾಯಿಗೆ ಮಾಸ್ಕು ಬಂತು. ಬಳೆಯ ವಿಚಾರ ಬಂದಾಗ ಮಾತು ಬಿಸಿಯಾಯಿತು. “ಬಳೆ ತಗ್ದು ಕೆಲ್ಸ ಮಾಡಕಾಯ್ತದಾ, ಮನೇಲಿ ಏನಂದಾರು?” ಎಂದು ಹಿರಿಯಕ್ಕ ಗಟ್ಟಿಯಾಗಿಯೇ ಕೇಳಿದರು. ಅವರ ಮಾತಿನಲ್ಲಿ ನ್ಯಾಯವಿತ್ತು. ಉದ್ದ ತೋಳಿನ, ಮಣಿಕಟ್ಟಿಗೆ ಎಲಾಸ್ಟಿಕ್ ಇರುವ ಏಪ್ರನ್ ಹೊಲಿಸಿದೆವು. ಬಳೆ ಒಳಗೇ ಇರುತ್ತದೆ, ಪ್ಯಾಡಿಗೆ ತಾಗುವುದಿಲ್ಲ. ಮುಂದಿನ ಎಣಿಕೆಯಲ್ಲಿ ಸಾದಾ ಪ್ಯಾಡಿನ ಸಂಖ್ಯೆ ಚೆನ್ನಾಗಿ ಇಳಿದಿತ್ತು. ಒಂದು ಗ್ರಾಂ ಔಷಧಿಯನ್ನೂ ಹಾಕದೆ ಬಂದ ಫಲ ಅದು. ನನಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಆ ತಟ್ಟೆಗಳೇ.

ಮುಟ್ಟಿನ ಪ್ಯಾಡಿಗೆ ಕ್ರಿಮಿನಾಶಕ ಬೇಡ ಎಂಬುದು ಇಷ್ಟರಲ್ಲಿ ಸಂಘಕ್ಕೇ ಸ್ಪಷ್ಟವಾಗಿತ್ತು. ಅಂಡರ್‌ಪ್ಯಾಡಿನ ಲೆಕ್ಕ ಬೇರೆ. ಅದು ಮೈಯ ಸಂದಿಗೆ ಒತ್ತಿಕೊಂಡು ಕೂರುವುದಿಲ್ಲ, ಅಲ್ಲಿರುವ ನಿಜವಾದ ತೊಂದರೆ ಅಮೋನಿಯ. ಕೈಟೊಸಾನ್ ಮೇಲೆ ನನಗೆ ಆಸೆಯಿತ್ತು, ಆದರೆ ಅದರ ಬಲ ಹುಳಿಯಲ್ಲಿ ಹೆಚ್ಚು, ಮೂತ್ರ ಕ್ಷಾರವಾಗುತ್ತ ಹೋದಂತೆ ಅದು ಸುಮ್ಮನಾಗುತ್ತದೆ. ಸತುವಿನ ಆಕ್ಸೈಡನ್ನು ಗಟ್ಟಿಯಾಗಿ ಕೂರಿಸಿದ ತೆಳು ಪದರವನ್ನು ಮೇಲಿನ ಶೀಟಿನ ಅಡಿಗೆ ಕೊಟ್ಟು, ಅದಕ್ಕೂ ಜೆಲ್ಲಿಗೂ ನಡುವೆ ದಪ್ಪಗೆ ಪಲ್ಪ್ ಇಟ್ಟೆವು. ಲೋಟದಲ್ಲಿ ನೋಡಿದ ಪಾಠ ಇಲ್ಲಿ ಕೈಹಿಡಿಯಿತು, ಹೀರುವ ಶಕ್ತಿ ಬೀಳಲಿಲ್ಲ. ಲ್ಯಾಬಿನಲ್ಲಿ ಕೃತಕ ಮೂತ್ರಕ್ಕೆ ಪ್ರೋಟಿಯಸ್ ಸೇರಿಸಿ ಎರಡು ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಒಳಗೆ ಅಮೋನಿಯ ತಾಗಿದರೆ ನೀಲಿಯಾಗುವ ಕೆಂಪು ಲಿಟ್ಮಸ್ ಕಾಗದವನ್ನು ಒದ್ದೆ ಮಾಡಿ ಅಂಟಿಸಿಟ್ಟರು. ಬೆಳಿಗ್ಗೆ ಸಾದಾ ಪ್ಯಾಡಿನ ಡಬ್ಬಿಯ ಕಾಗದ ಪೂರ್ತಿ ನೀಲಿ. ಸತುವಿನದ್ದರಲ್ಲಿ ಅಂಚು ಮಾತ್ರ ನೀಲಿಗೆ ತಿರುಗಿತ್ತು, ನಡುವೆ ಕೆಂಪು ಉಳಿದಿತ್ತು. ಇನ್ನೂ ಬಿಟ್ಟಿದ್ದರೆ ಅದೂ ನೀಲಿಯಾಗುತ್ತಿತ್ತು. ಹೊತ್ತು ಮುಂದಕ್ಕೆ ಹೋಗಿದೆ, ಅಷ್ಟೇ. ಲಕ್ವ ಹೊಡೆದು ಮಲಗಿರುವ ನಮ್ಮ ದೊಡ್ಡಮ್ಮನಿಗೆ, ಡಾಕ್ಟರನ್ನು ಕೇಳಿ, ಮೇಲೊಂದು ಹತ್ತಿ ಬಟ್ಟೆ ಹಾಸಿ ರಾತ್ರಿ ಹೊತ್ತು ಕೊಟ್ಟು ನೋಡಿದೆವು. “ಬೆಳಿಗ್ಗೆ ಬಾಗ್ಲು ತೆಗ್ದಾಗ ಕಣ್ಣು ಉರಿಯಲ್ಲ ಈಗ” ಅಂದರು ಅವರ ಸೊಸೆ.

ಪ್ಯಾಡಿನ ಪ್ಯಾಕೆಟ್ ಮೇಲೆ ಈಗ ಬ್ಯಾಚ್ ನಂಬರು, ತಯಾರಾದ ತಿಂಗಳು, ‘4ರಿಂದ 6 ಗಂಟೆಗೊಮ್ಮೆ ಬದಲಿಸಿ, ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸಕ್ಕೆ ಕೊಡಿ’ ಎಂದಿದೆ. ಹಸಿರು ಪಟ್ಟಿಯಿಲ್ಲವೆಂದು ಸರಕು ವಾಪಸ್ ಕೊಟ್ಟ ಅಂಗಡಿಯವರಿದ್ದಾರೆ. ಯಾಕೆ ಹಾಕಿಲ್ಲವೆಂದು ಕೂತು ಕೇಳಿಸಿಕೊಂಡು ಇಟ್ಟುಕೊಂಡವರೂ ಇದ್ದಾರೆ. ಅಂಡರ್‌ಪ್ಯಾಡಿನ ಸತುವಿನ ಪದರವನ್ನು ಚರ್ಮದ ಕಿರಿಕಿರಿ, ಅಲರ್ಜಿ, ಜೀವಕೋಶಕ್ಕೆ ಹಾನಿ, ಈ ಮೂರು ಪರೀಕ್ಷೆಗೆ ಕಳಿಸಿದ್ದೇವೆ. ಐಎಸ್‌ಒ 10993 ಪ್ರಕಾರ ಮಾಡುವವು, ನಮ್ಮಂಥ ಸಂಘಕ್ಕೆ ಖರ್ಚು ಭಾರವೇ, ಆದರೂ ಸಾಲದ ಕಂತಿಗೆ ಮುಂಚೆ ಇದಕ್ಕೇ ಹಣ ತೆಗೆದಿಟ್ಟೆವು. ಆ ವರದಿ ಬರುವವರೆಗೆ ಅಂಡರ್‌ಪ್ಯಾಡನ್ನು ಅಂಗಡಿಗೆ ಬಿಡುವುದಿಲ್ಲ. ಬಂದ ಮೇಲೆ ಪ್ಯಾಕೆಟ್ ಮೇಲೆ ಬರೆಯುವ ಮಾತೂ ಸಭೆಯಲ್ಲಿ ತೀರ್ಮಾನವಾಗಿದೆ: ‘ಮೂತ್ರದ ವಾಸನೆ ತಡವಾಗಿ ಬರುವಂತೆ ಮಾಡುವ ಸತುವಿನ ಪದರವಿದೆ. ಒದ್ದೆಯಾದ ಕೂಡಲೇ ಬದಲಿಸಿ.’